ಸೀಸೆಯೊಳಗಿನ ನೆಗಡಿಯ ಮದ್ದು

ಭೋಗಿಯ ಬೆಳಗಿನ ಹೊಗೆಯು ಚೆನ್ನೈ ನಗರದ ಬೀದಿಗಳನ್ನು ಮುಸುಕಿದಾಗ ಮನೆಮನೆಯಲ್ಲಿಯೂ ಸೀನುವ ಸದ್ದು ಕೇಳಿಬರುತ್ತದೆ. ಮಳೆಗಾಲ ಕಳೆದ ಮೇಲೆ ಗೋಡೆಗೆ ಹಿಡಿದ ಬೂಷ್ಟು, ರಸ್ತೆಯ ಧೂಳು ಇವೂ ಕೆಲವರ ಮೈಗೆ ಒಗ್ಗುವುದಿಲ್ಲ. ಮೂಗಿನ ಒಳಪೊರೆ ಊದಿಕೊಂಡು ಉಸಿರಿಗೆ ಎಡೆಯಿಲ್ಲದಂತಾಗುತ್ತದೆ. ಕಪಾಟಿನಲ್ಲಿರುವ ಸಿಹಿಮದ್ದಿನ ಸೀಸೆ ಹೊರಗೆ ಬರುವುದು ಆಗಲೇ.

ಇಂತಹ ಸೀಸೆಯಲ್ಲಿ ಸಾಮಾನ್ಯವಾಗಿ ಎರಡು ಔಷಧಗಳು ಜೊತೆಗೂಡಿರುತ್ತವೆ. ಅಲರ್ಜಿಯಾದಾಗ ದೇಹದಲ್ಲಿ ಹಿಸ್ಟಮಿನ್ ಎಂಬ ವಸ್ತುವು ಉಂಟುಮಾಡುವ ಸೀನು, ತುರಿಕೆ, ನೀರಿಳಿತಗಳನ್ನು ಕ್ಲೋರ್‌ಫೆನಿರಮಿನ್ ತಡೆಯುತ್ತದೆ. ಆದರೆ ತೂಕಡಿಕೆಯನ್ನೂ ತರುತ್ತದೆ. ಇದನ್ನು ಕುಡಿದು ಅಣ್ಣಾ ಸಾಲೆಯಲ್ಲಿ ಸೈಕಲ್ ಹತ್ತುವುದು ಜಾಣತನವಲ್ಲ. ಫಿನೈಲ್‌ಎಫ್ರಿನ್ ರಕ್ತನಾಳಗಳನ್ನು ಕುಗ್ಗಿಸಿ ಮೂಗಿನ ಊತವನ್ನು ಇಳಿಸಲೆಂದು ಸೇರಿಸಿದ್ದು. ಈ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಸೀಸೆಯ ಮೇಲೆ ಅಚ್ಚುಮಾಡಬೇಕೆಂದು ಭಾರತದ ಔಷಧ ನಿಯಂತ್ರಣಾಧಿಕಾರಿಗಳು 2023ರ ಡಿಸೆಂಬರಿನಲ್ಲಿ ಆಜ್ಞಾಪಿಸಿದರು.

ಎರಡು ವರ್ಷಗಳೊಳಗೆ ನಡೆದುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಚೆನ್ನೈಗೆ ಸಮೀಪದ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ 'ಕೋಲ್ಡ್ರಿಫ್' ಎಂಬ ನೆಗಡಿಯ ಮದ್ದನ್ನು ಕುಡಿದು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸೀಮೆಯಲ್ಲಿ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡಗಳು ಕೆಟ್ಟು ಮಡಿದರು. ತಮಿಳುನಾಡಿನ ಅಧಿಕಾರಿಗಳು ಆ ಮದ್ದನ್ನು ಪರೀಕ್ಷಿಸಿದಾಗ ನೂರಕ್ಕೆ 48.6 ಪಾಲು ಡೈಎಥಿಲೀನ್ ಗ್ಲೈಕಾಲ್ ಕಂಡುಬಂದಿತು. ಇರಬಹುದಾದ ಮಿತಿಯಾದರೋ ನೂರಕ್ಕೆ 0.1! ಔಷಧವನ್ನು ಕರಗಿಸಲು ಶುದ್ಧವಾದ ಪ್ರೊಪಿಲೀನ್ ಗ್ಲೈಕಾಲನ್ನು ಬಳಸುವುದುಂಟು. ಕಾರ್ಖಾನೆಗಳ ಕೆಲಸಕ್ಕೆ ಸಲ್ಲುವ ಈ ವಿಷದ್ರವವೂ ಅದರಂತೆಯೇ ಮಂದವಾಗಿ, ಸಿಹಿಯಾಗಿ ಇರುತ್ತದೆ. ದೇಹವನ್ನು ಹೊಕ್ಕ ಮೇಲೆ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ. 1937ರಲ್ಲಿ ಅಮೆರಿಕದಲ್ಲಿ ಇದೇ ದ್ರವವು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 1972ರಲ್ಲಿ ನಮ್ಮ ಮದ್ರಾಸಿನಲ್ಲಿಯೇ ಹತ್ತಕ್ಕೂ ಹೆಚ್ಚು ಮಕ್ಕಳು ಇದಕ್ಕೆ ತುತ್ತಾಗಿದ್ದರು. ಒಂದೇ ಪಾಠವನ್ನು ಎಷ್ಟು ಸಲ ಕಲಿಯಬೇಕೋ!

ಇಂತಹ ವಿಷವನ್ನು ಕಣ್ಣಾಗಲಿ ನಾಲಗೆಯಾಗಲಿ ಗುರುತಿಸಲಾರದು. ಅದನ್ನು ತಡೆಯುವ ಹೊಣೆ ತಯಾರಕರದು, ಸರ್ಕಾರದ್ದು. ಆದರೂ ವೈದ್ಯರ ಚೀಟಿಯಿಲ್ಲದೆ ಮದ್ದನ್ನು ಕೊಳ್ಳದಿರುವುದು, ಅಂಗಡಿಯ ರಸೀದಿಯನ್ನೂ ಬ್ಯಾಚ್ ಸಂಖ್ಯೆಯಿರುವ ಸೀಸೆಯನ್ನೂ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಳತೆಯ ವಿಚಾರದಲ್ಲಂತೂ ಅಡಿಗೆಮನೆಯ ಚಮಚವನ್ನು ನಂಬಬಾರದು. ಒಂದು ಮನೆಯ ಚಮಚ ಇನ್ನೊಂದು ಮನೆಯದರಷ್ಟಿರುವುದಿಲ್ಲ. 5 ಮಿಲಿಲೀಟರ್ ಎಂದಿದ್ದರೆ ಸೀಸೆಯೊಡನೆ ಬರುವ ಗೆರೆಯಿಟ್ಟ ಬಟ್ಟಲಿನಲ್ಲಿಯೇ ಅಳೆಯಬೇಕು. ಕೆಲವು ಮದ್ದುಗಳಲ್ಲಿ ಪ್ಯಾರಸಿಟಮಾಲ್ ಕೂಡ ಬೆರೆತಿರುತ್ತದೆ. ಅದನ್ನರಿಯದೆ ಜ್ವರಕ್ಕೆಂದು ಬೇರೆ ಮಾತ್ರೆಯನ್ನೂ ನುಂಗಿದರೆ ಪ್ರಮಾಣ ಮಿತಿಮೀರಿ ಯಕೃತ್ತಿಗೆ ಕೇಡಾದೀತು. ಅಣ್ಣನಿಗೆ ಬರೆದುಕೊಟ್ಟದ್ದನ್ನು ತಂಗಿಗೆ ಕುಡಿಸುವುದೂ, ಕಳೆದ ವರ್ಷ ಉಳಿದದ್ದನ್ನು ಈ ವರ್ಷ ಮುಗಿಸುವುದೂ ಮಿತವ್ಯಯವಲ್ಲ.

ಸಾಧಾರಣ ನೆಗಡಿಯು ಒಂದು ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೂಗಿಗೆ ಔಷಧದಂಗಡಿಯ ಉಪ್ಪುನೀರಿನ ಹನಿ, ಕುಡಿಯಲು ಬಿಸಿ ಸಾರು, ಸಾಕಷ್ಟು ನಿದ್ರೆ ಇವಿಷ್ಟೇ ಅನೇಕ ವೇಳೆ ಸಾಕಾಗುತ್ತವೆ. ಮದ್ದು ಕುಡಿದ ಮಗುವಿಗೆ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹೋಗುವಾಗ ಆ ಸೀಸೆಯನ್ನೂ ಜೊತೆಗೆ ಕೊಂಡೊಯ್ಯಬೇಕು.