ಸ್ಥಳೀಯ ಚುನಾವಣೆ: ಮತದಾರ ಎಲ್ಲಿಗೆ ಬರುತ್ತಾನೆ, ಏಕೆ ಬರುತ್ತಾನೆ?

ನಗರದ ಸ್ಥಳೀಯ ಸಂಸ್ಥೆಗೆ ಚುನಾವಣೆ ಮುಗಿದ ಮರುದಿನ ಒಂದು ವಿಲಾಪ ತಪ್ಪದೆ ಕೇಳಿಬರುತ್ತದೆ. ವಿದ್ಯಾವಂತರು ಮತಗಟ್ಟೆಗೆ ಬರಲಿಲ್ಲ, ರಜೆ ಸಿಕ್ಕಿತೆಂದು ಪ್ರವಾಸ ಹೊರಟರು, ನಾಗರಿಕ ಪ್ರಜ್ಞೆಯೇ ಇಲ್ಲವಾಯಿತು ಎಂಬುದು ಅದರ ಸಾರಾಂಶ. 2015ರ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದಾಗ ಮತ ಚಲಾಯಿಸಿದವರು ನೂರಕ್ಕೆ 50ನ್ನೂ ಮುಟ್ಟಲಿಲ್ಲ. ಆದರೆ 2020ರ ಡಿಸೆಂಬರ್ 22 ಮತ್ತು 27ರಂದು, ಕೋವಿಡ್ ಭೀತಿಯ ನಡುವೆಯೇ ಗ್ರಾಮ ಪಂಚಾಯಿತಿಗಳಿಗೆ ಮತದಾನವಾದಾಗ ರಾಜ್ಯದಲ್ಲಿ ಈ ಪ್ರಮಾಣ 80ನ್ನು ದಾಟಿತು.

ಹಳ್ಳಿಗರದು ಪ್ರಜಾಪ್ರಭುತ್ವದ ಮೇಲಿನ ಪ್ರೀತಿ, ನಗರದವರದು ಬೇಜವಾಬ್ದಾರಿ ಎಂದು ಹೇಳಿ ಮುಗಿಸುವುದು ಸುಲಭ. ಕಡೂರು ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ಹೆಸರಿರಿಸಿಕೊಂಡಿರುವ ನನಗೆ ಈ ವಿವರಣೆ ಒಪ್ಪಿಗೆಯಾಗಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪಾಲಿಕೆಯ 198 ವಾರ್ಡುಗಳಿದ್ದಾಗ, 2011ರ ಜನಗಣತಿಯಂತೆ, ಒಂದೊಂದರಲ್ಲಿ ಸರಾಸರಿ 40 ಸಾವಿರಕ್ಕೂ ಹೆಚ್ಚು ಜನರಿದ್ದರು. ಹಳ್ಳಿಯಲ್ಲಿ ಮೂರು ಮತಗಳಲ್ಲಿ ಗೆದ್ದವರೂ ಇದ್ದಾರೆ, ಸಮಸಮ ಬಂದು ಚೀಟಿ ಎತ್ತಿ ಗೆದ್ದವರೂ ಇದ್ದಾರೆ. ಆದ್ದರಿಂದಲೇ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಹುಡುಗನನ್ನು ಅಭ್ಯರ್ಥಿಯ ಕಡೆಯವರು ಫೋನ್ ಮಾಡಿ ಕರೆಸುತ್ತಾರೆ, ಹೋಗಿಬರುವ ಖರ್ಚನ್ನೂ ಕೊಡುತ್ತಾರೆ. ಹಿಂದಿನ ರಾತ್ರಿ ಕಡೂರು, ಬೀರೂರು, ತರೀಕೆರೆಯ ಕಡೆಗೆ ಹೊರಡುವ ರೈಲು, ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ತನ್ನ ಒಂದು ಮತದಿಂದ ಫಲಿತಾಂಶ ಬದಲಾದೀತೆಂಬ ನಂಬಿಕೆ ಆ ಹುಡುಗನಿಗೆ ಭ್ರಮೆಯಲ್ಲ. ಮಲ್ಲೇಶ್ವರದ ನಿವೃತ್ತ ಅಧಿಕಾರಿಗೆ ಅಂಥ ನಂಬಿಕೆ ಹುಟ್ಟಲು ಕಾರಣವೇ ಇಲ್ಲ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹೆಸರು ಕೊಟ್ಟ ಆ ಕಡೂರು, 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಪಕ್ಕದ ತರೀಕೆರೆ ವಿಧಾನಸಭಾ ಕ್ಷೇತ್ರ, ಅದರೊಳಗಿನ ಅಜ್ಜಂಪುರ ಸಹಿತ, ಉಡುಪಿ-ಚಿಕ್ಕಮಗಳೂರಿಗೆ ಹೋಯಿತು. ಬಯಲುಸೀಮೆಯ ತೆಂಗು, ಈರುಳ್ಳಿ ಬೆಳೆಗಾರನ ಸಂಸದರನ್ನು ಆರಿಸುವವರಲ್ಲಿ ಕರಾವಳಿಯ ಮೀನುಗಾರನೂ ಪಾಲುದಾರ! ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆರೆಗೆ ನೀರು ಬಾರದಿದ್ದರೆ ಆತ ಉಡುಪಿಯತ್ತ ನೋಡುವುದಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು, ಉದ್ಯೋಗ ಖಾತರಿಯ ಕೆಲಸ, ಕೊಳವೆಬಾವಿಯ ಮೋಟಾರಿನ ದುರಸ್ತಿ, ಮನೆಯ ಇ-ಸ್ವತ್ತು, ಇವೆಲ್ಲಕ್ಕೂ ಆತ ಹಿಡಿಯಬೇಕಾದದ್ದು ಪಂಚಾಯಿತಿ ಕಚೇರಿಯ ಬಾಗಿಲನ್ನು. ಆ ಬಾಗಿಲಲ್ಲಿ ತನ್ನವನೊಬ್ಬ ಇರಬೇಕೆಂಬ ಹಂಬಲವೇ ಅವನನ್ನು ಸರದಿಯಲ್ಲಿ ನಿಲ್ಲಿಸುತ್ತದೆ.

ಹಾಗೆಂದು 80 ಎಂಬ ಅಂಕಿಯನ್ನು ಪೂಜಿಸಬೇಕಿಲ್ಲ. ಚಿಕ್ಕ ಊರಿನಲ್ಲಿ ಮತ ಹಾಕದಿರುವುದೂ ಒಂದು ಹೇಳಿಕೆಯೇ. ಯಾರು ಬರಲಿಲ್ಲ ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಜಾತಿಯ ಕಟ್ಟು, ಕೊಟ್ಟ ಸಾಲದ ನೆನಪು, ಮನೆ ಹಿರಿಯರ ಕಣ್ಣು ಇವೆಲ್ಲವೂ ಮತದಾರನ ಜೊತೆಗೇ ಮತಗಟ್ಟೆಯವರೆಗೆ ನಡೆದುಬರುತ್ತವೆ. ರಾಜ್ಯದ ಹಲವೆಡೆ ಸದಸ್ಯ ಸ್ಥಾನವನ್ನೇ ಹರಾಜು ಹಾಕಿ ಅವಿರೋಧ ಆಯ್ಕೆ ಎಂದು ಬೀಗಿದ್ದೂ ಇದೆ. 2015ರ ತಿದ್ದುಪಡಿಯಲ್ಲಿ ನಮ್ಮ ಸರ್ಕಾರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತದಾನವನ್ನು ಕಡ್ಡಾಯಗೊಳಿಸಿತು. ತಪ್ಪಿದವರಿಗೆ ಶಿಕ್ಷೆ ಮಾತ್ರ ಇಲ್ಲ. ಗುಜರಾತಿನ ಇಂಥದೇ ಕಾನೂನಿಗೆ ಅದೇ ವರ್ಷ ಅಲ್ಲಿನ ಹೈಕೋರ್ಟ್ ತಡೆ ನೀಡಿತು. ಹೇಗೂ ಬರುತ್ತಿದ್ದ ಮತದಾರನನ್ನು ಬರಲೇಬೇಕೆಂದು ಕಟ್ಟಿಹಾಕುವ ಅಗತ್ಯವೇನಿತ್ತೆಂಬುದು ನನಗೆ ಈಗಲೂ ಅರ್ಥವಾಗದ ಸಂಗತಿ.

ಏಕೆಂದರೆ ಬಾರದೇ ಉಳಿದದ್ದು ಮತದಾರನಲ್ಲ, ಚುನಾವಣೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಕೊಡಲಾಯಿತು; ಬಳಿಕ ಮೀಸಲಾತಿಯ ಗೊಂದಲ, ಬಳಿಕ ನ್ಯಾಯಾಲಯ, ಬಳಿಕ ಗಡುವಿನ ಮೇಲೆ ಗಡುವು. ನಾಲ್ಕು ವರ್ಷ ಮೀರಿದರೂ ಚುನಾವಣೆ ನಡೆಯಲಿಲ್ಲ. ಚುನಾಯಿತರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಕ್ಷೇತ್ರ ವಿಂಗಡಣೆಯ ನೆಪದಲ್ಲಿ ಸ್ಥಳೀಯ ಚುನಾವಣೆಯನ್ನು ತಡೆಯಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿದ್ದು ವಿಧಾನಸೌಧದ ಕಿವಿಗೆ ಬೀಳಲಿಲ್ಲವೇನೋ.

ಅಜ್ಜಂಪುರದ ಪಾಡಂತೂ ವಿಚಿತ್ರ. 2016ರಲ್ಲಿ ಅದು ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಬಹುಕಾಲದ ಬೇಡಿಕೆಯ ನಂತರ ಪ್ರತ್ಯೇಕ ತಾಲ್ಲೂಕೆಂದು ಘೋಷಣೆಯಾಯಿತು, ತಹಸೀಲ್ದಾರರು ಬಂದರು, ಕಚೇರಿ ಬಂತು. ತಾಲ್ಲೂಕಿಗೆ ತನ್ನದೇ ಚುನಾಯಿತ ಪಂಚಾಯಿತಿ ಬೇಕಾಗಿದ್ದ ಆ ಮೊದಲ ವರ್ಷಗಳೆಲ್ಲ ಚುನಾವಣೆಯಿಲ್ಲದೆ ಕಳೆದುಹೋದವು. ತಾಲ್ಲೂಕು ಬೇಕೆಂದು ದನಿಯೆತ್ತಿದ ಜನ ತಾಲ್ಲೂಕು ಪಂಚಾಯಿತಿ ಬೇಕೆಂದು ರಸ್ತೆಗಿಳಿದದ್ದು ನಾನು ಕಾಣೆ. ಆ ಭಾಗದ ಹಿರಿಯ ರೈತರೊಬ್ಬರನ್ನು ಈ ಬಗ್ಗೆ ಕೇಳಿದೆ. ‘ಇದ್ದಾಗ ಏನ್ ಕೊಟ್ಟಿತ್ತು ಸ್ವಾಮಿ, ಈಗ ಇಲ್ಲ ಅಂತ ಅಳೋಕೆ?’ ಎಂದರು. ಅವರ ಮಾತು ಒರಟಾಗಿದ್ದರೂ ಸುಳ್ಳಲ್ಲ. ತಾಲ್ಲೂಕು ಪಂಚಾಯಿತಿಗೆ ತನ್ನದೇ ತೆರಿಗೆಯಿಲ್ಲ. ಬರುವ ಹಣದ ಬಹುಪಾಲು ಸಂಬಳಕ್ಕೆ, ಮೊದಲೇ ನಿಗದಿಯಾದ ಬಾಬ್ತುಗಳಿಗೆ ಹೋಗುತ್ತದೆ. ತನ್ನ ಕ್ಷೇತ್ರದಲ್ಲಿ ಇನ್ನೊಂದು ಅಧಿಕಾರ ಕೇಂದ್ರ ಇಲ್ಲದಿರುವುದು ಯಾವ ಪಕ್ಷದ ಶಾಸಕನಿಗೂ ಅನನುಕೂಲವಲ್ಲ. ಕೈಯಲ್ಲಿ ಏನೂ ಇಲ್ಲದ ಸಂಸ್ಥೆ ಕಳೆದುಹೋದರೆ ಜನ ಹುಡುಕಿಕೊಂಡು ಹೊರಡುವುದಿಲ್ಲ. ನಗರದ ಮತದಾರ ಪಾಲಿಕೆಯ ಬಗ್ಗೆ ತೋರುವ ಉದಾಸೀನವೂ ಇದೇ ಜಾತಿಯದು. ನೀರು ಜಲಮಂಡಳಿಯದು, ನಿವೇಶನ ಪ್ರಾಧಿಕಾರದ್ದು, ದೊಡ್ಡ ರಸ್ತೆಯ ತೀರ್ಮಾನ ಸಚಿವರದು. ಕಾರ್ಪೊರೇಟರನ ಪಾಲಿಗೆ ಉಳಿಯುವುದು ಕಸ ಮತ್ತು ಚರಂಡಿ.

ಆದರೂ ಈ ಗೈರುಹಾಜರಿಗೆ ಬೆಲೆಯಿಲ್ಲವೆಂದು ಭಾವಿಸುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಚುನಾವಣೆ ನಡೆಯಿತು. ಇಲ್ಲಿ ಮತದಾರರು ಸ್ಥಳೀಯ ಸಂಸ್ಥೆಗಳ ಸದಸ್ಯರೇ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಹಿಂದಿನ ವರ್ಷವಷ್ಟೇ ಗೆದ್ದಿದ್ದ ಗ್ರಾಮ ಪಂಚಾಯಿತಿ ಸದಸ್ಯರೂ ಅವರಲ್ಲಿದ್ದರು. ಬಿಜೆಪಿಯ ಎಂ.ಕೆ. ಪ್ರಾಣೇಶ್ ಅವರು ಕಾಂಗ್ರೆಸ್ಸಿನ ಗಾಯತ್ರಿ ಶಾಂತೇಗೌಡ ಅವರ ವಿರುದ್ಧ ಗೆದ್ದರೆಂದು ಪ್ರಕಟವಾದ ಅಂತರ ಕೇವಲ 6 ಮತ. ಪಟ್ಟಣ ಪಂಚಾಯಿತಿಗಳ ನಾಮನಿರ್ದೇಶಿತ ಸದಸ್ಯರು ಮತ ಹಾಕಿದ್ದು ಸರಿಯೇ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಸರ್ಕಾರ ನೇಮಿಸಿದವರ ಮತದ ಕುರಿತು ಇಷ್ಟೆಲ್ಲ ವಾದವಾಯಿತು. ಜನ ಆರಿಸಿ ಕಳಿಸಬೇಕಾಗಿದ್ದ, ಮತದ ಹಕ್ಕೂ ಇರಬೇಕಾಗಿದ್ದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರು ಆ ದಿನ ಎಲ್ಲಿದ್ದರು? ಅವರ ಅವಧಿ ಮುಗಿದಿತ್ತು, ಹೊಸಬರು ಹುಟ್ಟಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಅಂಥವರು ಆರಕ್ಕಿಂತ ಬಹಳ ಹೆಚ್ಚು ಮಂದಿ ಇರುತ್ತಿದ್ದರು.