ಗಾಲ್ಫಿನ ದಾಂಡು

ಬಡಗಿಯ ಚೀಲವನ್ನು ಬಿಚ್ಚಿ ನೋಡಿದರೆ ಉಳಿ, ಬಾಚಿ, ಗರಗಸ, ಕೊಡತಿ ಮೊದಲಾದ ಹಲವು ಹತ್ಯಾರುಗಳು ಕಾಣುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಗಾಲ್ಫ್ ಆಟಗಾರನ ಚೀಲವೂ ಅಂಥದೇ. ಕ್ರಿಕೆಟ್ ಆಟಗಾರನಿಗೆ ಒಂದು ದಾಂಡು ಸಾಕು. ಗಾಲ್ಫ್ ಆಟಗಾರನು ಹದಿನಾಲ್ಕು ದಾಂಡುಗಳವರೆಗೆ ಒಯ್ಯುತ್ತಾನೆ. ಚೆಂಡು ಒಂದೇ, ಹೊಡೆಯುವ ಕೈಯೂ ಒಂದೇ ಆಗಿರುವಾಗ ಇಷ್ಟೊಂದು ದಾಂಡುಗಳೇಕೆ?

ಗಾಲ್ಫ್ ಸ್ಕಾಟ್ಲೆಂಡಿನ ಕಡಲತೀರದ ಹುಲ್ಲುಗಾವಲುಗಳಲ್ಲಿ ಬೆಳೆದ ಆಟ. ಬ್ರಿಟಿಷರೊಡನೆ ಅದು ನಮ್ಮ ದೇಶಕ್ಕೂ ಬಂದಿತು. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಗಾಲ್ಫ್ ಸಂಸ್ಥೆಗಳು ಸ್ಥಾಪನೆಗೊಂಡವು. ದೂರದಲ್ಲಿರುವ 108 ಮಿಲಿಮೀಟರ್ ವ್ಯಾಸದ ಕುಳಿಗೆ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸುವುದೇ ಈ ಆಟದ ತಿರುಳು. ಚೆಂಡು ಮೊದಲು ಬಹುದೂರ ಹಾರಬೇಕು. ನಡುವೆ ಒರಟು ಹುಲ್ಲು, ಮರಳುಗುಂಡಿ, ನೀರುಗಳನ್ನು ದಾಟಬೇಕು. ಕೊನೆಗೆ ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ಮೆಲ್ಲನೆ ಉರುಳಬೇಕು. ಈ ಬಗೆಬಗೆಯ ಅಗತ್ಯಗಳೇ ಬಗೆಬಗೆಯ ದಾಂಡುಗಳನ್ನು ಹುಟ್ಟಿಸಿದವು.

ಪ್ರತಿಯೊಂದು ದಾಂಡಿಗೂ ಮೂರು ಮುಖ್ಯ ಭಾಗಗಳಿವೆ: ಕೈ ಜಾರದಂತೆ ರಬ್ಬರನ್ನೋ ತೊಗಲನ್ನೋ ಹೊದಿಸಿದ ಹಿಡಿ, ಉದ್ದನೆಯ ಕಾವು, ಚೆಂಡಿಗೆ ತಾಗುವ ತಲೆ. ತಲೆಯ ಮುಖವು ನೆಟ್ಟಗೆ ನಿಂತಿರುವುದಿಲ್ಲ. ಸ್ವಲ್ಪ ಹಿಂದಕ್ಕೆ ಓರೆಯಾಗಿರುತ್ತದೆ. ದಾಂಡಿನ ಗುಟ್ಟೆಲ್ಲ ಬಹುಮಟ್ಟಿಗೆ ಈ ಓರೆಯಲ್ಲಿದೆ. ಅತಿ ದೂರ ಹೊಡೆಯುವ ‘ಡ್ರೈವರ್’ ದಾಂಡಿನ ಓರೆ ಸುಮಾರು 10 ಡಿಗ್ರಿ. ಮರಳುಗುಂಡಿಯಿಂದ ಚೆಂಡನ್ನು ಎತ್ತುವ ‘ವೆಜ್’ ದಾಂಡಿನದು ಸುಮಾರು 56 ಡಿಗ್ರಿ. ಓರೆ ಹೆಚ್ಚಿದಂತೆ ಸಾಮಾನ್ಯವಾಗಿ ಕಾವು ಗಿಡ್ಡವಾಗುತ್ತದೆ. ಚೆಂಡು ಎತ್ತರಕ್ಕೆ ಏರಿ ಹತ್ತಿರದಲ್ಲಿಯೇ ಇಳಿಯುತ್ತದೆ. ಹೊಸಬರು ಚೆಂಡನ್ನು ಮೇಲಕ್ಕೆ ಎತ್ತಬೇಕೆಂದು ಸೌಟಿನಿಂದ ಮೊಗೆಯುವಂತೆ ದಾಂಡನ್ನು ಬೀಸುವುದುಂಟು. ಅದು ಅನಗತ್ಯ, ಎತ್ತುವ ಕೆಲಸವನ್ನು ಓರೆಯೇ ಮಾಡುತ್ತದೆ. ಮುಖದ ಮೇಲಿನ ಸಣ್ಣ ಗೀರುಗಳು ಒದ್ದೆ ಹುಲ್ಲು, ನೀರುಗಳಿಗೆ ಎಡೆಮಾಡಿಕೊಟ್ಟು ಚೆಂಡಿನ ಮೇಲೆ ಹಿಡಿತವನ್ನು ಉಳಿಸುತ್ತವೆ.

ಹಿಂದೆ ಕಾವುಗಳನ್ನು ಅಮೆರಿಕದ ಹಿಕರಿ ಮರದಿಂದ ಮಾಡುತ್ತಿದ್ದರು. ಬ್ರಿಟನ್ನಿನ ನಿಯಮಗಳು 1929ರಲ್ಲಿ ಉಕ್ಕಿನ ಕಾವಿಗೆ ಒಪ್ಪಿಗೆಯಿತ್ತವು. ಅನಂತರ ಹಗುರವಾದ ಇಂಗಾಲದ ಎಳೆಯ ಕಾವುಗಳು ಬಂದವು. ದೂರದ ಹೊಡೆತದ ದಾಂಡಿನ ತಲೆ ಗಟ್ಟಿಮರದ್ದಾಗಿತ್ತು. ಈಗ ಅದು ಟೊಳ್ಳಾದ ಲೋಹದ್ದು. ಮರ ಹೋದರೂ ‘ವುಡ್’ ಎಂಬ ಹೆಸರು ಮಾತ್ರ ಉಳಿದಿದೆ.

ತಲೆಯ ತೂಕವನ್ನು ಎಲ್ಲಿ ಇರಿಸಬೇಕೆಂಬುದೂ ಒಂದು ವಿದ್ಯೆಯೇ. ಕಾರ್ಸ್ಟನ್ ಸೋಲ್ಹೈಮ್ ಎಂಬ ಇಂಜಿನಿಯರರು ನಲವತ್ತು ದಾಟಿದ ಮೇಲೆ ಗಾಲ್ಫ್ ಕಲಿತವರು. ಚೆಂಡನ್ನು ಉರುಳಿಸುವ ‘ಪಟರ್’ ದಾಂಡು ತಮ್ಮ ಕೈಯಲ್ಲಿ ತಿರುಚಿಕೊಳ್ಳುವುದನ್ನು ಕಂಡು, 1959ರಲ್ಲಿ ತೂಕವನ್ನು ತಲೆಯ ಎರಡು ತುದಿಗಳಿಗೆ ಹಂಚಿದ ಹೊಸ ದಾಂಡೊಂದನ್ನು ರೂಪಿಸಿದರು. ಹೆಗಲ ಮೇಲೆ ಅಡ್ಡೆ ಹೊತ್ತವನು ಥಟ್ಟನೆ ತಿರುಗಲಾರನಷ್ಟೆ. ಹಾಗೆಯೇ ತುದಿಗಳಲ್ಲಿ ಭಾರವಿರುವ ತಲೆಯು, ಚೆಂಡು ನಟ್ಟನಡುವೆ ತಾಗದಿದ್ದರೂ ಸುಲಭವಾಗಿ ತಿರುಗದು.

ದಾಂಡಿನ ಜೊತೆಗಿರುವ ಪರಿಕರಗಳೂ ಗಮನಾರ್ಹವಾದವು. ಮೊದಲ ಹೊಡೆತಕ್ಕೆ ಚೆಂಡನ್ನು ಎತ್ತರಿಸಿ ಇಡಲು ಹಿಂದೆ ಒದ್ದೆ ಮರಳಿನ ಗುಪ್ಪೆ ಮಾಡುತ್ತಿದ್ದರು. ಬಾಸ್ಟನ್ನಿನ ದಂತವೈದ್ಯ ಜಾರ್ಜ್ ಗ್ರಾಂಟ್ ಅವರು 1899ರಲ್ಲಿ ಅದಕ್ಕಾಗಿ ಮರದ ಗೂಟವೊಂದಕ್ಕೆ ಹಕ್ಕುಪತ್ರ ಪಡೆದರು. ಬಲಗೈ ಆಟಗಾರನು ಎಡಗೈಗೆ ತೊಗಲಿನ ಗವಸು ತೊಡುತ್ತಾನೆ. ಚೆಂಡು ಬಿದ್ದು ಹುಲ್ಲಿನಲ್ಲಾದ ತಗ್ಗನ್ನು ಸರಿಪಡಿಸಲು ಸಣ್ಣ ಕವಲುಗೋಲೊಂದಿದೆ. ಅದರಿಂದ ತನ್ನ ಅಂಕಕ್ಕೆ ಲಾಭವಿಲ್ಲ. ಹಿಂದೆ ಬರುವವರಿಗೆ ನೆಲ ಸಮನಾಗಿರಲೆಂಬ ಸೌಜನ್ಯವೇ ಅದರ ಉದ್ದೇಶ.

ಉಪಕರಣಗಳು ಹೀಗೆ ಬೆಳೆಯುತ್ತ ಹೋದರೆ ಆಟಗಾರನಿಗೆ ಉಳಿಯುವುದೇನು? ಈ ಸಂದೇಹ ಹಿಂದೆಯೇ ಹುಟ್ಟಿತ್ತು. ಕೆಲವರು ಇಪ್ಪತ್ತಕ್ಕೂ ಹೆಚ್ಚು ದಾಂಡುಗಳನ್ನು ಹೊರಿಸಿಕೊಂಡು ಆಡತೊಡಗಿದಾಗ ಅಮೆರಿಕದಲ್ಲಿ 1938ರಲ್ಲಿಯೂ ಬ್ರಿಟನ್ನಿನಲ್ಲಿ 1939ರಲ್ಲಿಯೂ ಹದಿನಾಲ್ಕರ ಮಿತಿ ಜಾರಿಗೆ ಬಂದಿತು. ಎರಡು ದಾಂಡುಗಳ ನಡುವಣ ದೂರವನ್ನು ಆಟಗಾರನು ತನ್ನ ಕೈಚಳಕದಿಂದಲೇ ತುಂಬಬೇಕಾಯಿತು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ಒಂದೇ ಹೊಡೆತದ ಅಂತರದಿಂದ ಕಂಚಿನ ಪದಕವನ್ನು ತಪ್ಪಿಸಿಕೊಂಡು ನಾಲ್ಕನೆಯವರಾದರು. ಅವರ ಚೀಲವನ್ನು ಹೊತ್ತು ನಡೆದವರು ಅವರ ತಾಯಿ. ದೂರದ ಹೊಡೆತದಲ್ಲಿ ಅವರನ್ನು ಮೀರಿಸಿದವರು ಅಲ್ಲಿ ಅನೇಕರಿದ್ದರು. ಆದರೆ ಅತ್ಯಂತ ಮೆದುವಾಗಿ ಬೀಸಬೇಕಾದ ಪಟರ್ ಅವರನ್ನು ಪದಕದ ಸಮೀಪಕ್ಕೆ ಕೊಂಡೊಯ್ದಿತು. ದಾಂಡಿನ ಓರೆಯನ್ನೂ ತೂಕವನ್ನೂ ಶಿಲ್ಪಿಯು ನಿರ್ಧರಿಸಬಲ್ಲನು. ಯಾವ ದಾಂಡನ್ನು ಯಾವಾಗ ಎತ್ತಬೇಕು, ಎಷ್ಟು ಬಲದಿಂದ ಬೀಸಬೇಕು ಎಂಬುದನ್ನು ಆಟಗಾರನೇ ಅಭ್ಯಾಸದಿಂದ ಅರಿಯಬೇಕು.