ಬಾಗಿಲು ಹಾಕಿದ ಮೇಲೆ ಬದಲಾಗುವ ಬೆಲೆ

2019ರ ಅಕ್ಟೋಬರ್ 21, ಸೋಮವಾರ. ಮಹಾರಾಷ್ಟ್ರದಲ್ಲಿ ವಿಧಾನಸಭೆ ಚುನಾವಣೆಯ ಮತದಾನ, ಮುಂಬೈ ಷೇರುಪೇಟೆಗೆ ರಜೆ. ಇನ್ಫೊಸಿಸ್‌ನ ಲೆಕ್ಕಪತ್ರಗಳ ಬಗ್ಗೆ ಹೆಸರು ಹೇಳದ ನೌಕರರು ಬರೆದ ದೂರಿನ ಪತ್ರ ಸುದ್ದಿಯಾದದ್ದು ಅದೇ ದಿನ. ಗಾಬರಿಯಾಗಿ ಮಾರೋಣವೆಂದರೆ ಅಂಗಡಿಯೇ ತೆರೆದಿಲ್ಲ. ಸಂಜೆ ಏಳರ ನಂತರ ನ್ಯೂಯಾರ್ಕ್ ಪೇಟೆ ಶುರುವಾಯಿತು. ಅಲ್ಲಿ ಕಂಪನಿಯ ಎಡಿಆರ್, ಅಂದರೆ ಅಮೆರಿಕದ ಪೇಟೆಯಲ್ಲಿ ಷೇರಿನ ಬದಲಿಗೆ ಕೈ ಬದಲಾಯಿಸುವ ರಸೀದಿ, ಸುಮಾರು ಶೇ 12ರಷ್ಟು ಜಾರಿತು. ಬೆಂಗಳೂರಿನಲ್ಲಿ ಈ ಷೇರು ಇಟ್ಟುಕೊಂಡವರಿಗೆ ಅದನ್ನು ನೋಡುತ್ತ ಕೂರುವುದಷ್ಟೇ ಉಳಿದಿತ್ತು.

ಮಂಗಳವಾರ ದಿನದ ವಹಿವಾಟು ಮುಗಿದಾಗ, ಹಿಂದಿನ ಶುಕ್ರವಾರ 768 ರೂಪಾಯಿ ಆಸುಪಾಸಿನಲ್ಲಿದ್ದ ಷೇರು 643ಕ್ಕೆ ಬಂದಿತ್ತು. ಶೇ 16ರ ಕುಸಿತ. ಕಂಪನಿಯ ಮಾರುಕಟ್ಟೆ ಮೌಲ್ಯದಲ್ಲಿ ಸುಮಾರು 53,000 ಕೋಟಿ ರೂಪಾಯಿ ಒಂದೇ ದಿನ ಕರಗಿತ್ತು. ಆರೋಪಕ್ಕೆ ಪುರಾವೆ ಸಿಗಲಿಲ್ಲವೆಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಹೇಳಿದ್ದು 2020ರ ಜನವರಿಯಲ್ಲಿ.

ಷೇರುಪೇಟೆಯ ದಿನವಹಿಯಲ್ಲಿ ಇಷ್ಟು ದೊಡ್ಡ ಗಲಾಟೆಗೆ ಸಿಗುವುದು ಒಂದೇ ಸಾಲು. ದಲ್ಲಾಳಿಗಳು ಇಂದಿಗೂ ಈ ಪಟ್ಟಿಯನ್ನು ‘ಭಾವ್ ಕಾಪಿ’ ಎನ್ನುತ್ತಾರೆ. ಆರಂಭದ ದರ, ಗರಿಷ್ಠ, ಕನಿಷ್ಠ, ಮುಕ್ತಾಯ, ಹಿಂದಿನ ದಿನದ ಮುಕ್ತಾಯ, ಕೈ ಬದಲಾಯಿಸಿದ ಷೇರುಗಳ ಸಂಖ್ಯೆ: ದಿನವೊಂದರ ಜಾತಕವೆಲ್ಲ ಇಷ್ಟೇ. ಇದರಲ್ಲಿ ಮುಕ್ತಾಯ ದರ ಎಂದರೆ ಕೊನೆಯ ವಹಿವಾಟಿನ ಬೆಲೆ ಎಂದೇ ಬಹುತೇಕರ ತಿಳಿವಳಿಕೆ. ಆದರೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಅದು ಕೊನೆಯ ಅರ್ಧ ಗಂಟೆಯಲ್ಲಿ ನಡೆದ ಎಲ್ಲ ವಹಿವಾಟುಗಳ ತೂಕಬದ್ಧ ಸರಾಸರಿಯಾಗಿತ್ತು. ಕೊನೆಯ ಕ್ಷಣದಲ್ಲಿ ಯಾರೋ ಒಬ್ಬ ನಾಲ್ಕು ಷೇರು ಕೊಂಡು ದಿನದ ಲೆಕ್ಕ ಕೆಡಿಸಬಾರದು ಎಂಬುದು ಇದರ ಹಿಂದಿನ ಎಚ್ಚರ.

ಈ ಪಟ್ಟಿಯನ್ನು ಹಿಂದಕ್ಕೆ ಹಿಂದಕ್ಕೆ ತಿರುವುತ್ತ ಹೋದರೆ ಒಂದು ತಮಾಷೆ ಎದುರಾಗುತ್ತದೆ. 1993ರಲ್ಲಿ ಇನ್ಫೊಸಿಸ್ ತನ್ನ ಷೇರನ್ನು ಜನರಿಗೆ ಕೊಟ್ಟದ್ದು 95 ರೂಪಾಯಿಗೆ. ಆಗ ಕೊಳ್ಳುವವರೇ ಸಾಲದೆ ಹೋಗಿ, ಮಾರ್ಗನ್ ಸ್ಟ್ಯಾನ್ಲಿ ಮುಂದೆ ಬಂದು ದೊಡ್ಡ ಪಾಲು ಕೊಂಡಿತು. ಅದೇ ವರ್ಷ ಜೂನ್‌ನಲ್ಲಿ ಷೇರು ಪೇಟೆ ಪ್ರವೇಶಿಸಿದ್ದು 145 ರೂಪಾಯಿಗೆ. ಆದರೆ ಇಂದಿನ ಯಾವುದೇ ನಕ್ಷೆಯಲ್ಲಿ ಈ 95 ಕಾಣಿಸುವುದಿಲ್ಲ. ಅದರ ಜಾಗದಲ್ಲಿ ಒಂಬತ್ತು ಪೈಸೆ ಚಿಲ್ಲರೆ ಕೂತಿರುತ್ತದೆ. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆ ಐದಕ್ಕೆ ಇಳಿದು ಷೇರು ಎರಡಾಯಿತು. 2004ರಲ್ಲಿ ಒಂದಕ್ಕೆ ಮೂರು. ಆಮೇಲೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಹೀಗೆ ಮೊದಲ ನೂರು ಷೇರು 1,02,400 ಆಯಿತು. ಆದ್ದರಿಂದ ಹಳೆಯ ಬೆಲೆಯನ್ನು 1,024ರಿಂದ ಭಾಗಿಸದೆ ಹೊಸ ಬೆಲೆಯ ಪಕ್ಕ ಇಡುವಂತಿಲ್ಲ. ಈ ತಿದ್ದುಪಡಿ ಮರೆತು ಹಳೆಯ ಪಟ್ಟಿಯನ್ನು ನೇರವಾಗಿ ಕಂಪ್ಯೂಟರಿಗೆ ಉಣಿಸಿದರೆ, 2004ರ ಬೋನಸ್ ದಿನ ಷೇರು ಶೇ 75ರಷ್ಟು ಕುಸಿಯಿತು ಎಂದು ಅದು ಬೊಬ್ಬೆ ಹೊಡೆಯುತ್ತದೆ. ವಾಸ್ತವದಲ್ಲಿ ಅಂದು ಯಾರ ಗಂಟೂ ಕರಗಿರಲಿಲ್ಲ.

ಏರಿಳಿತವನ್ನು ಅಳೆಯಲು ಪೇಟೆಯವರು ಬಳಸುವ ಸೂತ್ರ ಸರಳ. ದಿನದಿನದ ಶೇಕಡಾವಾರು ಬದಲಾವಣೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ನೋಡುವುದು, ಅದನ್ನು ವರ್ಷದ ವಹಿವಾಟಿನ ದಿನಗಳ ವರ್ಗಮೂಲದಿಂದ, ಅಂದರೆ ಸುಮಾರು 16ರಿಂದ, ಗುಣಿಸುವುದು. ಒಂದು ಷೇರಿನ ದಿನದ ಚದುರುವಿಕೆ ಶೇ 1.6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ 25 ಆಯಿತು. ನೋಡಲು ಅಚ್ಚುಕಟ್ಟು. ಆದರೆ ಶಾಲೆಯಲ್ಲಿ ಕಲಿಸುವ ಗಂಟೆಯಾಕಾರದ ವಕ್ರರೇಖೆಯನ್ನು ನಂಬಿದರೆ, ಅಂಥ ಷೇರು ಒಂದೇ ದಿನ ಶೇ 21 ಬೀಳುವುದನ್ನು ನೋಡಲು ಬ್ರಹ್ಮಾಂಡದ ಆಯುಷ್ಯವೂ ಸಾಲದು.

ಇನ್ಫೊಸಿಸ್ ಅದನ್ನು ಹತ್ತು ವರ್ಷದಲ್ಲಿ ಎರಡು ಸಲ ಮಾಡಿ ತೋರಿಸಿತು. 2003ರ ಏಪ್ರಿಲ್ 10ರಂದು, ಮುಂದಿನ ವರ್ಷದ ಲಾಭ ಪೇಟೆ ಎಣಿಸಿದಷ್ಟು ಬೆಳೆಯುವುದಿಲ್ಲ ಎಂದು ಕಂಪನಿ ಹೇಳಿದಾಗ, ಷೇರು ಕಾಲು ಭಾಗಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. 2013ರ ಏಪ್ರಿಲ್ 12ರಂದು ಮತ್ತೆ ಅದೇ ಕಥೆ. ವರಮಾನ ಶೇ 6ರಿಂದ 10ರಷ್ಟು ಮಾತ್ರ ಹೆಚ್ಚೀತು ಎಂಬ ಮುನ್ನೋಟ ಬಂತು, ಷೇರು ಶೇ 21 ಬಿತ್ತು. ಬೆಲೆಗಳ ಬದಲಾವಣೆ ಆ ವಕ್ರರೇಖೆಗೆ ಬಗ್ಗುವುದಿಲ್ಲ ಎಂದು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರೋ ಹತ್ತಿಯ ದರಗಳನ್ನು ಮುಂದಿಟ್ಟುಕೊಂಡು 1963ರಲ್ಲೇ ಬರೆದಿದ್ದರು. ಪೇಟೆ ಸೂತ್ರವನ್ನೇ ಹಿಡಿದುಕೊಂಡಿತು, ಬಹುಶಃ ಲೆಕ್ಕ ಸುಲಭವಾಗುತ್ತದೆಂಬ ಕಾರಣಕ್ಕೆ.

2013ರ ಕಥೆ ಇನ್ನೂ ಸ್ವಾರಸ್ಯದ್ದು. ಅದೇ ವರ್ಷದ ಜನವರಿ 11ರಂದು, ಒಳ್ಳೆಯ ತ್ರೈಮಾಸಿಕ ಫಲಿತಾಂಶಕ್ಕೆ, ಷೇರು ಒಂದೇ ದಿನದಲ್ಲಿ ಸುಮಾರು ಶೇ 17 ಜಿಗಿದಿತ್ತು. ಜನವರಿ 10ರ ಸಂಜೆ 2,300 ರೂಪಾಯಿ ಚಿಲ್ಲರೆಗೆ ಷೇರು ಕೊಂಡು, ನಿದ್ದೆ ಮಾಡಿ, ಏಪ್ರಿಲ್ 12ರ ಸಂಜೆ ಎದ್ದವನಿಗೆ ಬೆಲೆ ಮತ್ತೆ 2,300ರ ಹತ್ತಿರವೇ ಕಾಣಿಸುತ್ತಿತ್ತು. ಏನೂ ಆಗಿಲ್ಲವೆಂದೇ ಅವನು ತಿಳಿಯುತ್ತಿದ್ದ. ನಡುವೆ ಆ ಷೇರು 2,900 ದಾಟಿ ಬಂದಿತ್ತು. ಜೂನ್‌ನಲ್ಲಿ ಸಂಸ್ಥಾಪಕ ನಾರಾಯಣಮೂರ್ತಿ ಕಂಪನಿಗೆ ಮರಳಿ ಬಂದರು. ಜುಲೈ ಫಲಿತಾಂಶದ ದಿನ ಮತ್ತೊಂದು ದೊಡ್ಡ ಜಿಗಿತ. ವರ್ಷ ಮುಗಿಯುವುದರೊಳಗೆ ಏಪ್ರಿಲ್‌ನಲ್ಲಿ ಕಳೆದದ್ದೆಲ್ಲ ಕೈಸೇರಿತ್ತು.

ಈ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಗುಣ ಎದ್ದು ಕಾಣುತ್ತದೆ. ಈ ಷೇರಿನ ಏರಿಳಿತ ವರ್ಷದ ಇನ್ನೂರೈವತ್ತು ದಿನಗಳಿಗೆ ಸಮನಾಗಿ ಹಂಚಿಹೋಗಿಲ್ಲ. ಬಹಳಷ್ಟು ದಿನ ಅದು ಒಂದು ಒಂದೂವರೆ ಶೇಕಡದೊಳಗೆ ಆಡಿಕೊಂಡಿರುತ್ತದೆ. ದೊಡ್ಡ ಪೆಟ್ಟುಗಳೆಲ್ಲ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಫಲಿತಾಂಶಗಳ ಸುತ್ತ, ಇಲ್ಲವೇ ಪೇಟೆ ತೆರೆಯುವ ಮುಂಚೆ ಬಂದೆರಗುವ ಸುದ್ದಿಯ ಬೆನ್ನಿಗೆ. 2017ರ ಆಗಸ್ಟ್ 18ರ ಬೆಳಿಗ್ಗೆ ಕಂಪನಿಯ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆಯ ಸುದ್ದಿ ಬಂದಾಗಲೂ ಹೀಗೇ ಆಯಿತು: ಅಂದು ಶೇ 9ಕ್ಕೂ ಮಿಗಿಲಾದ ಕುಸಿತ, ಸೋಮವಾರ ಮತ್ತೂ ಐದು. ನಿನ್ನೆಯ ಮುಕ್ತಾಯಕ್ಕೂ ಇಂದಿನ ಆರಂಭಕ್ಕೂ ನಡುವಿನ ಕಂದಕದಲ್ಲಿ ಒಂದು ಪೈಸೆಯ ವಹಿವಾಟೂ ನಡೆದಿರುವುದಿಲ್ಲ. ಇಂತಿಷ್ಟು ಬೆಲೆಗೆ ಇಳಿದರೆ ಮಾರಿಬಿಡು ಎಂದು ಮೊದಲೇ ಬರೆದಿಟ್ಟ ಆದೇಶ ಆ ಕಂದಕದಲ್ಲಿ ಕೆಲಸಕ್ಕೆ ಬಾರದು. ಬೆಲೆ ಅದನ್ನು ಹಾರಿಕೊಂಡು ಕೆಳಗೆ ಹೋಗಿರುತ್ತದೆ.

2023ರ ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 13ರ ಗುರುವಾರ ಸಂಜೆ, ಪೇಟೆ ಮುಚ್ಚಿದ ಮೇಲೆ, ಫಲಿತಾಂಶ ಬಂತು. ವರ್ಷದ ಮುನ್ನೋಟ ಶೇ 4ರಿಂದ 7. ಶುಕ್ರವಾರ ಅಂಬೇಡ್ಕರ್ ಜಯಂತಿ, ಆಮೇಲೆ ಶನಿವಾರ, ಭಾನುವಾರ. ಮೂರು ದಿನ ಸುದ್ದಿ ಬಾಗಿಲ ಹೊರಗೆ ಕಾದು ನಿಂತಿತ್ತು. 17ರ ಸೋಮವಾರದ ಸಾಲಿನಲ್ಲಿ ಹಿಂದಿನ ಮುಕ್ತಾಯ ಸುಮಾರು 1,389, ಕನಿಷ್ಠ 1,185, ಮುಕ್ತಾಯ 1,258. ಸಂಜೆಯ ಸುದ್ದಿ ಹೇಳಿದ್ದು ಶೇ 9ರ ಕುಸಿತ. ಬೆಳಗಿನ ಗಾಬರಿಯಲ್ಲಿ 1,185ಕ್ಕೆ ಕೊಟ್ಟವರ ಪಾಲಿಗೆ ಅದು ಹೆಚ್ಚುಕಡಿಮೆ ಶೇ 15. ಅವರಿಂದ ಕೊಂಡವರು ಅದೇ ಸಂಜೆ ಷೇರಿಗೆ ಎಪ್ಪತ್ತು ರೂಪಾಯಿ ಲಾಭದಲ್ಲಿದ್ದರು.